ಚುರುಕು ಪುಟ್ಟ ಕಾರಿನ ಚರಿತ್ರೆ: ಸೆಕೆಂಡ್‌ಹ್ಯಾಂಡ್ ಕೊಳ್ಳುವ ಮುನ್ನ



ಕೆಲಸ ಸಿಕ್ಕಿ ಒಂದೆರಡು ವರ್ಷವಾದ ಮೇಲೆ ನಮ್ಮಲ್ಲಿ ಹಲವರ ಮನಸ್ಸಿನಲ್ಲಿ ಒಂದು ಕಾರು ಬಂದು ನಿಲ್ಲುತ್ತದೆ. ಹೊಸದಕ್ಕೆ ಕೈಯಲ್ಲಿರುವ ಹಣ ಸಾಲದು. ಹಾಗೆಂದು ಓಡಾಟಕ್ಕೆ ಏನೋ ಒಂದು ಇದ್ದರೆ ಸಾಕು ಎನ್ನುವ ವಯಸ್ಸೂ ಅಲ್ಲ. ಕಾರು ಚುರುಕಾಗಿ ಓಡಬೇಕು, ಘಾಟಿಯ ತಿರುವಿನಲ್ಲಿ ನಮ್ಮ ಕೈಯ ಮಾತು ಕೇಳಬೇಕು, ಗ್ಯಾರೇಜಿನ ಬಿಲ್ಲು ಮನೆಯ ಖರ್ಚನ್ನು ನುಂಗಬಾರದು. ಈ ಮೂರೂ ಒಂದೇ ಸೆಕೆಂಡ್‌ಹ್ಯಾಂಡ್ ಕಾರಿನಲ್ಲಿ ಸಿಗಬಹುದು. ಯಾವುದರಲ್ಲಿ ಎಂದು ತಿಳಿಯಲು ಈ ಬಗೆಯ ಕಾರುಗಳು ಹುಟ್ಟಿ ಬಂದ ದಾರಿಯನ್ನು ನೋಡಿದರೆ ಬಹಳ ಸಹಾಯವಾಗುತ್ತದೆ.

ಬಡವರ ಕಾರಿನಿಂದ ರ‍್ಯಾಲಿಯವರೆಗೆ

1956ರಲ್ಲಿ ಸೂಯೆಜ್ ಕಾಲುವೆಯ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಅಭಾವವಾಯಿತು. ಕಡಿಮೆ ಪೆಟ್ರೋಲು ಕುಡಿಯುವ, ನಾಲ್ವರು ಕೂರಬಹುದಾದ ಪುಟ್ಟ ಕಾರೊಂದು ತುರ್ತಾಗಿ ಬೇಕಾಯಿತು. ಅಲೆಕ್ ಇಸ್ಸಿಗೊನಿಸ್ ಎಂಬ ಎಂಜಿನಿಯರ್ ಅದನ್ನು ರೂಪಿಸಿದರು. 1959ರ ಆಗಸ್ಟ್‌ನಲ್ಲಿ ಬಂದ ಆ ಕಾರೇ ಮಿನಿ. ಹತ್ತು ಅಡಿ ಉದ್ದ, ಸುಮಾರು 600 ಕಿಲೋ ತೂಕ, 848 ಸಿಸಿ ಎಂಜಿನ್. ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳಿಗೇ ಶಕ್ತಿ ಕೊಟ್ಟಿದ್ದರಿಂದ ಒಳಗೆ ಜಾಗ ಉಳಿಯಿತು. ಇಂದು ನಮ್ಮ ಬೀದಿಯಲ್ಲಿ ಕಾಣುವ ಹೆಚ್ಚುಕಡಿಮೆ ಎಲ್ಲ ಚಿಕ್ಕ ಕಾರುಗಳೂ ಇದೇ ಜೋಡಣೆಯವು.

ಆ ಎಂಜಿನ್ ಮಿನಿಗಾಗಿಯೇ ಮಾಡಿದ್ದಲ್ಲ. 1950ರ ದಶಕದ ಆರಂಭದಿಂದಲೇ ಆಸ್ಟಿನ್, ಮಾರಿಸ್ ಕಾರುಗಳಲ್ಲಿ ದುಡಿಯುತ್ತಿದ್ದ ಎಂಜಿನ್ನಿನ ವಂಶದ್ದೇ ಅದು. ರೇಸ್ ಕಾರುಗಳನ್ನು ಕಟ್ಟುತ್ತಿದ್ದ ಜಾನ್ ಕೂಪರ್ ಅವರಿಗೆ ಈ ಕಾರಿನ ಹಗುರತನ ಮೆಚ್ಚುಗೆಯಾಯಿತು. 1961ರಲ್ಲಿ ಬಂದ ಮಿನಿ ಕೂಪರ್‌ನಲ್ಲಿ ಎಂಜಿನ್ 997 ಸಿಸಿಗೆ ಬೆಳೆಯಿತು, ಶಕ್ತಿ 34ರಿಂದ 55 ಅಶ್ವಶಕ್ತಿಗೆ ಏರಿತು. ಜೊತೆಗೆ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂತು. ವೇಗ ಹೆಚ್ಚಿಸಿದವರು ನಿಲ್ಲಿಸುವುದನ್ನೂ ಯೋಚಿಸಿದ್ದರು. 1964ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಪ್ಯಾಡಿ ಹಾಪ್‌ಕಿರ್ಕ್ ಇದೇ ಬಗೆಯ ಮಿನಿಯನ್ನು ಓಡಿಸಿ, ವಿ8 ಎಂಜಿನ್ನಿನ ದೊಡ್ಡ ಫೋರ್ಡ್ ಫಾಲ್ಕನ್‌ಗಳನ್ನು ಹಿಂದೆ ಹಾಕಿ ಗೆದ್ದರು.

ಎರಡನೆಯ ಅಧ್ಯಾಯ ಜರ್ಮನಿಯದು. 1975ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾಣಿಸಿಕೊಂಡು 1976ರಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ, ಮನೆಮಂದಿ ಓಡಿಸುವ ಗಾಲ್ಫ್‌ನ ದೇಹಕ್ಕೆ 1.6 ಲೀಟರಿನ 110 ಅಶ್ವಶಕ್ತಿಯ ಎಂಜಿನ್ ಕೂರಿಸಿದ ಕಾರು. ಎಂಜಿನ್ನೂ ಹೊಸದಲ್ಲ, ಆಡಿ 80 ಕಾರಿನಿಂದ ಬಂದದ್ದು. ಕಂಪನಿ 5,000 ಕಾರು ಮಾರಾಟವಾದರೆ ಸಾಕು ಎಂದುಕೊಂಡಿತ್ತು. ಮೊದಲ ತಲೆಮಾರಿನದೇ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಹೋದವು.

ಚುರುಕು ಪುಟ್ಟ ಕಾರು ಶ್ರೀಮಂತರ ಸ್ಪೋರ್ಟ್ಸ್ ಕಾರಿನ ಕಿರಿಯ ತಮ್ಮನಲ್ಲ. ಅದು ಸಾಮಾನ್ಯರ ಕಾರಿನ ಮಗು. ಬಿಡಿಭಾಗಗಳನ್ನು ಅದೇ ಮನೆಯವರೊಂದಿಗೆ ಹಂಚಿಕೊಂಡದ್ದರಿಂದಲೇ ಅದು ಅಗ್ಗವಾಗಿತ್ತು, ಹೆಚ್ಚು ಕಾಲ ಬಾಳಿತು. ನಮ್ಮ ದೇಶದಲ್ಲಿಯೂ ಹಾಗೆಯೇ ಆಯಿತು.

ನಮ್ಮ ರಸ್ತೆಗಳಿಗೆ ಬಂದವರು

ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳೇ ಓಡುತ್ತಿದ್ದ ಕಾಲದಲ್ಲಿ, 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಕಟ್ಟುಪಾಡು ಹೋಯಿತು. ಅದೇ ವರ್ಷ ಬಂದ ಮಾರುತಿ ಝೆನ್‌ಗೆ 993 ಸಿಸಿಯ ಅಲ್ಯೂಮಿನಿಯಂ ಎಂಜಿನ್, 50 ಅಶ್ವಶಕ್ತಿ, 800 ಕಿಲೋಗೂ ಕಡಿಮೆ ತೂಕ. ಲೆಕ್ಕದಲ್ಲಿ ಶಕ್ತಿ ಕಡಿಮೆ ಎನಿಸಿದರೂ ಹಗುರ ಮೈಯಿಂದಾಗಿ ರ‍್ಯಾಲಿ ಓಡಿಸುವವರಿಗೆ ಅದು ಅಚ್ಚುಮೆಚ್ಚಾಯಿತು.

ನಂತರ ಸಾಲಾಗಿ ಬಂದರು: 1999ರಲ್ಲಿ ‘ಜೋಶ್ ಮೆಷಿನ್’ ಎಂಬ ಜಾಹೀರಾತಿನೊಂದಿಗೆ ಫೋರ್ಡ್ ಐಕಾನ್, 2000ದಲ್ಲಿ ನೂರು ಅಶ್ವಶಕ್ತಿ ಮೀರಿದ ಹೋಂಡಾ ಸಿಟಿ ವಿಟೆಕ್, 2001ರಲ್ಲಿ ಫಿಯೆಟ್ ಪಾಲಿಯೋ 1.6. ಪಾಲಿಯೋಗೆ ಸಚಿನ್ ತೆಂಡೂಲ್ಕರ್ ಪ್ರಚಾರ ಮಾಡಿದ್ದು ನಮ್ಮ ಅಣ್ಣಂದಿರಿಗೆ ನೆನಪಿರುತ್ತದೆ. ಓಡಿಸುವ ಖುಷಿಯಲ್ಲಿ ಇವು ಒಂದಕ್ಕಿಂತ ಒಂದು ಮೇಲು. ಆದರೆ ಈಗ ಇವಕ್ಕೆಲ್ಲ ಇಪ್ಪತ್ತು ವರ್ಷ ದಾಟಿದೆ. ಫಿಯೆಟ್ ಕಾರುಗಳ ಮಾರಾಟ ಬಿಎಸ್6 ನಿಯಮ ಜಾರಿಯಾದ 2020ರ ಏಪ್ರಿಲ್‌ಗೆ ಮುಂಚೆಯೇ ನಿಂತಿತು. ಭಾರತದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಇಂಥ ಕಾರುಗಳನ್ನು ಪ್ರೀತಿಯಿಂದ ಉಳಿಸಿಕೊಂಡವರಿದ್ದಾರೆ, ಆದರೆ ಅವರ ಬಳಿ ಬೇರೆ ಕಾರೂ ಇರುತ್ತದೆ. ದಿನಾ ಕೆಲಸಕ್ಕೆ ಹೋಗಬೇಕಾದವರ ಒಂದೇ ಕಾರು ಅದಾದರೆ ಕಷ್ಟ.

2005ರಲ್ಲಿ ಬಂದ ಮಾರುತಿ ಸ್ವಿಫ್ಟ್ ಮಿನಿಯ ಪಾಠವನ್ನೇ ಮತ್ತೆ ಹೇಳಿತು. 1.3 ಲೀಟರಿನ, 87 ಅಶ್ವಶಕ್ತಿಯ ಅದರ ಎಂಜಿನ್ ಎಸ್ಟೀಮ್ ಮತ್ತು ಜಿಪ್ಸಿಯಲ್ಲಿದ್ದ ವಂಶದ್ದೇ. ಹಾಗಾಗಿ ಯಾವ ಊರಿನ ಮೆಕ್ಯಾನಿಕ್‌ಗೂ ಅದರ ಒಳಗು ಗೊತ್ತಿತ್ತು. 2010ರಲ್ಲಿ ಅದರ ಜಾಗಕ್ಕೆ 1.2 ಲೀಟರಿನ ಕೆ-ಸೀರೀಸ್ ಎಂಜಿನ್ ಬಂತು. ಅದನ್ನೂ ಕಂಪನಿಯ ಹಲವು ಕಾರುಗಳು ಹಂಚಿಕೊಂಡವು. ಡೀಸೆಲ್ ಸ್ವಿಫ್ಟ್‌ನ 1.3 ಲೀಟರ್ ಮಲ್ಟಿಜೆಟ್ ಎಂಜಿನ್ ಫಿಯೆಟ್‌ನದು. ಅದೇ ಎಂಜಿನ್ ಟಾಟಾ ಕಾರುಗಳಲ್ಲೂ ಇತ್ತು. ಆದ್ದರಿಂದ ಡೀಸೆಲ್ ಫಿಯೆಟ್ ಪುಂಟೋ ಕೊಂಡವರಿಗೆ ಎಂಜಿನ್ನಿನ ಭಾಗಗಳು ಈಗಲೂ ಸಿಗುತ್ತವೆ. ಬಂಪರ್, ಹೆಡ್‌ಲೈಟ್‌ನಂಥವಕ್ಕೆ ಮಾತ್ರ ಹುಡುಕಾಟ ತಪ್ಪದು.

ಪುಣೆ ಬಳಿಯ ಚಾಕಣದಲ್ಲಿ ತಯಾರಾಗುತ್ತಿದ್ದ ಫೋಕ್ಸ್‌ವ್ಯಾಗನ್ ಪೋಲೋಗೆ 2013ರಲ್ಲಿ ಜಿಟಿ ಟಿಎಸ್‌ಐ ಎಂಬ ರೂಪ ಬಂತು: 1.2 ಲೀಟರ್ ಟರ್ಬೊ, 105 ಅಶ್ವಶಕ್ತಿ, ಏಳು ಗೇರಿನ ಆಟೋಮ್ಯಾಟಿಕ್. ಒಳ್ಳೆಯ ಕಾರು, ಗಟ್ಟಿ ಮೈ. ಆದರೆ ಆ ಡ್ರೈ ಕ್ಲಚ್ ಗೇರ್‌ಬಾಕ್ಸ್ ಇದ್ದ ಕಾರುಗಳನ್ನು ಅದೇ 2013ರಲ್ಲಿ ಹಲವು ದೇಶಗಳಲ್ಲಿ ಕಂಪನಿಯೇ ಹಿಂದಕ್ಕೆ ಕರೆಸಿ ಸರಿಪಡಿಸಿಕೊಟ್ಟಿತ್ತು. ಈ ಗೇರ್‌ಬಾಕ್ಸ್ ಕೆಟ್ಟರೆ ಬರುವ ಬಿಲ್ಲು ಸಣ್ಣದಲ್ಲ. ಸರ್ವಿಸ್ ದಾಖಲೆ ಪೂರ್ತಿ ಇಲ್ಲದ ಜಿಟಿ ಟಿಎಸ್‌ಐ ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬಿಡುವುದು ಲೇಸು.

2015ರ ಅಬಾರ್ತ್ ಪುಂಟೋ 145 ಅಶ್ವಶಕ್ತಿಯದು. 2017ರ ಬಲೆನೊ ಆರ್‌ಎಸ್ ಒಂದು ಲೀಟರಿನ ಟರ್ಬೊ. 2018ರ ಟಿಯಾಗೊ ಜೆಟಿಪಿ ಟಾಟಾದವರು ಕೊಯಮತ್ತೂರಿನ ಜಯೆಮ್ ಆಟೊಮೋಟಿವ್ಸ್ ಜೊತೆಗೂಡಿ ಮಾಡಿದ್ದು. ಮೂರೂ ಹೆಚ್ಚು ಕಾಲ ಮಾರುಕಟ್ಟೆಯಲ್ಲಿ ಉಳಿಯಲಿಲ್ಲ. ಇಂಥವನ್ನು ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ಯಾವ ಭಾಗ ಮಾಮೂಲಿ ಬಲೆನೊ, ಟಿಯಾಗೊಗಳಲ್ಲೂ ಇದೆ, ಯಾವುದು ಇದಕ್ಕೆ ಮಾತ್ರ? ಇದಕ್ಕೆ ಮಾತ್ರ ಇರುವ ಭಾಗವೇ ಮುಂದೆ ತಿಂಗಳುಗಟ್ಟಲೆ ಕಾಯಿಸುವುದು.

ಜೀವದ ಲೆಕ್ಕ

ಬಿಡಿಭಾಗವೊಂದೇ ಅಳತೆಯಲ್ಲ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2014ರಲ್ಲಿ ಏರ್‌ಬ್ಯಾಗ್ ಇಲ್ಲದ ಸ್ವಿಫ್ಟ್ ಅನ್ನು ಗುದ್ದಿಸಿ ನೋಡಿದಾಗ ದೊಡ್ಡವರ ರಕ್ಷಣೆಗೆ ಸೊನ್ನೆ ನಕ್ಷತ್ರ ಸಿಕ್ಕಿತು. 2018ರ ಸ್ವಿಫ್ಟ್‌ನಲ್ಲಿ ಎರಡು ಏರ್‌ಬ್ಯಾಗ್, ಎಬಿಎಸ್ ಎಲ್ಲ ಮಾದರಿಗೂ ಬಂದವು. ಅದಕ್ಕೆ ಸಿಕ್ಕಿದ್ದು ಎರಡು ನಕ್ಷತ್ರ. ಎರಡು ಏರ್‌ಬ್ಯಾಗ್ ಇದ್ದ ಪೋಲೋಗೆ 2014ರಲ್ಲೇ ನಾಲ್ಕು ಸಿಕ್ಕಿತ್ತು. ಆ ವರ್ಷದಿಂದ ಎಲ್ಲ ಪೋಲೋಗಳಿಗೂ ಎರಡು ಏರ್‌ಬ್ಯಾಗ್ ಕೊಟ್ಟರು. ಸರ್ಕಾರದ ನಿಯಮದಂತೆ ಎಲ್ಲ ಹೊಸ ಕಾರುಗಳಿಗೆ ಎಬಿಎಸ್ 2019ರ ಏಪ್ರಿಲ್‌ನಿಂದಲೂ ಚಾಲಕನ ಏರ್‌ಬ್ಯಾಗ್ ಆ ಜುಲೈನಿಂದಲೂ ಕಡ್ಡಾಯವಾಯಿತು. ಅದಕ್ಕಿಂತ ಹಳೆಯ ಕಾರಿನಲ್ಲಿ ಇವು ಇವೆಯೇ ಎಂದು ನಾವೇ ನೋಡಿಕೊಳ್ಳಬೇಕು.

ತಾಳವಾಡಿಯವರು ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಲಟ್ಟಿಯಲ್ಲಿ 36. ಇಂಥ ರಸ್ತೆಯಲ್ಲಿ ಗರಿಷ್ಠ ವೇಗದಿಂದ ಉಪಯೋಗವಿಲ್ಲ. ಬ್ರೇಕು, ಟಯರು, ಸ್ಟಿಯರಿಂಗ್‌ಗಳೇ ನಮ್ಮನ್ನು ಮನೆಗೆ ತಲುಪಿಸುವುದು. ಚುರುಕು ಕಾರಿನ ನಿಜವಾದ ಸುಖವೂ ಅಲ್ಲಿಯೇ ಇದೆ.

ಕಾರನ್ನು ನೋಡುವ ಬಗೆ

ಚುರುಕು ಕಾರನ್ನು ಹಿಂದಿನ ಯಜಮಾನರು ಮೆಲ್ಲಗೆ ಓಡಿಸಿರುವುದು ಅಪರೂಪ. ಅದಕ್ಕೇ ಇಲ್ಲಿ ಹೆಚ್ಚಿನ ಎಚ್ಚರ ಬೇಕು.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ದಪ್ಪಗೆ ಕಂಡರೆ ಆಯಿಲ್‌ಗೆ ನೀರು ಸೇರಿರಬಹುದು. ಮೊದಲ ಸ್ವಿಫ್ಟ್‌ನ 1.3 ಪೆಟ್ರೋಲ್‌ನಂಥ ಎಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್ ಇರುತ್ತದೆ. ಅದನ್ನು ಯಾವಾಗ ಬದಲಿಸಿದರು ಎಂದು ಬಿಲ್ಲಿನ ಸಮೇತ ಕೇಳಿ. ಬಿಲ್ಲಿಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಾಕಿ.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಮೀಟರ್ 30,000 ಕಿಲೋಮೀಟರ್ ತೋರಿಸಿ, ಸ್ಟಿಯರಿಂಗ್ ಮತ್ತು ಪೆಡಲ್ಲು ನುಣ್ಣಗೆ ಸವೆದಿದ್ದರೆ ಮೀಟರನ್ನು ನಂಬಬೇಡಿ. ಅಧಿಕೃತ ಸರ್ವಿಸ್ ಸೆಂಟರಿನಲ್ಲಿರುವ ಹಳೆಯ ದಾಖಲೆಯನ್ನು ಮಾರುವವರೇ ತೆಗೆಸಿಕೊಡಲಿ. 2015ರಲ್ಲಿ ಚೆನ್ನೈಯಲ್ಲೂ 2018ರಲ್ಲಿ ಕೇರಳದಲ್ಲೂ ಪ್ರವಾಹದಲ್ಲಿ ಕಾರುಗಳು ಮುಳುಗಿದ್ದವು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡಿ. ಕಾರ್ಪೆಟ್ ಎತ್ತಿ ತುಕ್ಕು ಹುಡುಕಿ. ಸೈಲೆನ್ಸರ್ ಬದಲಿಸಿದ, ಸ್ಪ್ರಿಂಗ್ ತಗ್ಗಿಸಿದ, ಎಂಜಿನ್ನಿನ ಕಂಪ್ಯೂಟರನ್ನು ತಿದ್ದಿ ಶಕ್ತಿ ಏರಿಸಿದ ಕಾರು ಬೇಡ. ಕಂಪನಿ ಕೊಟ್ಟಂತೆಯೇ ಇರುವ ಕಾರನ್ನೇ ಆರಿಸಿ.

ಗಡಿ ದಾಟುವ ಕಾರು

ಗಡಿನಾಡಿನ ನಮಗೆ ಇನ್ನೊಂದು ಲೆಕ್ಕವಿದೆ. ಮಂಗಳೂರಿನ ಕೆಎ-19 ಕಾರನ್ನು ಕಾಸರಗೋಡಿಗೆ ತಂದರೆ, ಬೆಂಗಳೂರಿನದನ್ನು ಹೊಸೂರಿಗೆ ತಂದರೆ, ಹಳೆಯ ಆರ್‌ಟಿಒದಿಂದ ಎನ್‌ಒಸಿ ಬೇಕು. ಅದು ಫಾರಂ 28. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಕಾರಿನ ಮೇಲೆ ಸಾಲವಿದ್ದರೆ ತೀರಿದ್ದಕ್ಕೆ ಬ್ಯಾಂಕಿನ ಪತ್ರ ಮತ್ತು ಫಾರಂ 35. ಒಂದು ರಾಜ್ಯದ ಕಾರನ್ನು ಇನ್ನೊಂದರಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನಂಬರು ಪಡೆಯಲೇಬೇಕು. ಹೊಸ ರಾಜ್ಯದ ರಸ್ತೆ ತೆರಿಗೆಯನ್ನೂ ಕಟ್ಟಬೇಕು. ಅದರ ದರ, ಗಡುವು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹಳೆಯ ರಾಜ್ಯದಿಂದ ಉಳಿದ ತೆರಿಗೆ ವಾಪಸು ಕೇಳಬಹುದಾದರೂ ಕೈಗೆ ಬರಲು ಕಾಯಬೇಕು. ಆಚೆ ಕಡೆ ಅಗ್ಗ ಎಂದು ಕಾಣುವ ಕಾರು ಈ ತೆರಿಗೆ ಸೇರಿದ ಮೇಲೂ ಅಗ್ಗವೇ ಎಂದು ಕೂಡಿಸಿ ನೋಡಿ. ಆರ್‌ಸಿ ಅವಧಿ 15 ವರ್ಷ. ಎಷ್ಟು ಉಳಿದಿದೆ ಎಂಬುದೂ ಬೆಲೆಯ ಭಾಗವೇ.

ಹೆಸರು ಬದಲಾಯಿಸುವುದನ್ನು ಮುಂದೂಡಬೇಡಿ. ಹೆಸರು ಬದಲಾಗದೆ ಕೈಯಿಂದ ಕೈಗೆ ಹೋದ ಕಾರೊಂದರ ಅಪಘಾತದ ಪ್ರಕರಣದಲ್ಲಿ, ಆರ್‌ಸಿಯಲ್ಲಿ ಹೆಸರಿರುವವರೇ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ನಮ್ಮ ಹಳೆಯ ಕಾರನ್ನು ಮಾರುವಾಗಲೂ ಇದು ನೆನಪಿರಲಿ. ಕೊಂಡ 14 ದಿನಗಳೊಳಗೆ ಇನ್ಶೂರೆನ್ಸನ್ನೂ ಹೆಸರಿಗೆ ಬದಲಾಯಿಸಲು ಅರ್ಜಿ ಕೊಡಬೇಕು.

ಕೊನೆಗೆ ಯಾವುದು?

ಕೈಯಲ್ಲಿರುವ ಮೊತ್ತದಲ್ಲಿ ಐದನೇ ಒಂದು ಪಾಲನ್ನು ಟಯರು, ಬೆಲ್ಟು, ತೆರಿಗೆ, ಇನ್ಶೂರೆನ್ಸಿಗೆ ಎತ್ತಿಟ್ಟು, ಉಳಿದದ್ದರಲ್ಲಿ ಕಾರು ಹುಡುಕೋಣ. ಊರಲ್ಲಿ ಮಾರುತಿ ಬಲ್ಲ ಮೆಕ್ಯಾನಿಕ್ ಮಾತ್ರ ಇದ್ದರೆ 2018ರ ನಂತರದ ಪೆಟ್ರೋಲ್ ಸ್ವಿಫ್ಟ್ ನಮ್ಮ ಮೊದಲ ಆಯ್ಕೆ. ಹತ್ತಿರದ ಪಟ್ಟಣದಲ್ಲಿ ಫೋಕ್ಸ್‌ವ್ಯಾಗನ್ ಸರ್ವಿಸ್ ಸೆಂಟರ್ ಇದ್ದು, ಹೆದ್ದಾರಿಯ ಓಡಾಟ ಹೆಚ್ಚಿದ್ದರೆ 2020ರ ನಂತರದ ಮ್ಯಾನುಯಲ್ ಗೇರಿನ 1.0 ಟಿಎಸ್‌ಐ ಪೋಲೋ ನೋಡಬಹುದು. ಪೋಲೋ ತಯಾರಿಕೆ 2022ರಲ್ಲಿ ನಿಂತಿದ್ದರೂ ಅದರ ಒಂದು ಲೀಟರ್ ಟಿಎಸ್‌ಐ ಎಂಜಿನ್ ಆ ಮೇಲೆಯೂ ಕಂಪನಿಯ ಬೇರೆ ಕಾರುಗಳಲ್ಲಿ ಬಂದಿದೆ. ಪಾಲಿಯೋ, ಝೆನ್‌ಗಳ ಆಸೆ ಇದ್ದವರು ಎರಡನೆಯ ಕಾರಿನವರೆಗೆ ಕಾಯಲಿ.

ಕಾರು ನೋಡಲು ಹೋಗುವಾಗ ಒಬ್ಬರೇ ಹೋಗಬೇಡಿ. ಅರಿತ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ದು ಅವರ ದಿನಗೂಲಿ ಕೊಡಿ, ಜೊತೆಗೆ ಮನೆಯ ಹಿರಿಯರೊಬ್ಬರಿರಲಿ. ಅಡ್ವಾನ್ಸ್ ಕೊಡುವುದನ್ನು ಅಂದೇ ಮಾಡದೆ ಮನೆಗೆ ಬಂದು ಒಂದು ರಾತ್ರಿ ಯೋಚಿಸಿ.