ಆರು ತಂತಿಗಳ ಮೇಲೆ ಕ್ರಿಸ್ತಜಯಂತಿ



ಡಿಸೆಂಬರ್ ತಿಂಗಳ ಚಳಿ ನಂದಿಬೆಟ್ಟದಿಂದಿಳಿದು ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳ ಬಯಲನ್ನು ಆವರಿಸುವ ಹೊತ್ತಿಗೆ ಸಂತೆಯಲ್ಲಿ ಅವರೆಕಾಯಿಯ ಸೊಗಡು ಹರಡುತ್ತದೆ, ದೇವಾಲಯಗಳಲ್ಲಿ ಗೋದಲಿಗೆ ಹುಲ್ಲು ಹೊದಿಸುವ ಸಿದ್ಧತೆ ಮೊದಲಾಗುತ್ತದೆ. ಸಂಜೆ ಗಾಯನವೃಂದದ ಅಭ್ಯಾಸಕ್ಕೆ ಬರುವ ಮಕ್ಕಳಲ್ಲಿ ಒಬ್ಬನಾದರೂ ಹೆಗಲಿಗೆ ಗಿಟಾರ್ ತೂಗುಹಾಕಿಕೊಂಡು ಬರುತ್ತಾನೆ. ಅವನನ್ನು ಕಂಡಾಗಲೆಲ್ಲ ನನ್ನ ಮನಸ್ಸಿಗೆ ಒಂದು ಹಳೆಯ ತಪ್ಪು ನೆನಪಾಗುತ್ತದೆ. ಆ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಂಡು, ಅದು ನನ್ನನ್ನು ಯಾವ ಚರಿತ್ರೆಯ ಓದಿಗೆ ಹಚ್ಚಿತೆಂಬುದನ್ನು ಹೇಳಬೇಕೆಂದು ಈ ಬರಹ.

ನಾನು ಗುರುದೀಕ್ಷೆ ಪಡೆದ ಹೊಸತರಲ್ಲಿ ಈ ಸೀಮೆಯ ಒಂದು ಚಿಕ್ಕ ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ರೇಷ್ಮೆ ನೂಲು ತೆಗೆಯುವ ಕುಟುಂಬವೊಂದರ ಹುಡುಗ ಎಲ್ಲಿಂದಲೋ ಹಳೆಯ ಗಿಟಾರ್ ಒಂದನ್ನು ಸಂಪಾದಿಸಿ, ಒಂದು ವರ್ಷ ತಾನೇ ತಡಕಾಡಿ, ಎರಡು ಕ್ರಿಸ್‌ಮಸ್ ಗೀತೆಗಳನ್ನು ಕಲಿತಿದ್ದ. ಕುದಿನೀರಿನಲ್ಲಿ ಗೂಡು ಬಿಡಿಸಿ ಮೆತ್ತಗಾದ ಅವನ ಬೆರಳುಗಳಿಗೆ ಉಕ್ಕಿನ ತಂತಿ ಎಷ್ಟು ನೋವು ಕೊಟ್ಟಿರಬೇಕೆಂದು ಆಗ ನನಗೆ ಹೊಳೆಯಲಿಲ್ಲ. ನಡುರಾತ್ರಿಯ ಬಲಿಪೂಜೆಯಲ್ಲಿ ನುಡಿಸಲು ಅವನು ಅನುಮತಿ ಕೇಳಿದ. ಹಿರಿಯರು ಕೆಲವರು, "ಹಾರ್ಮೋನಿಯಂ, ತಬಲ ನಮ್ಮವು, ಗಿಟಾರು ಸಿನಿಮಾದವರದ್ದು ಫಾದರ್" ಎಂದರು. ನಾನು ಯೋಚಿಸದೆ ಅವರ ಮಾತಿಗೆ ತಲೆಯಾಡಿಸಿದೆ. ಹುಡುಗ ಎದುರು ಮಾತಾಡಲಿಲ್ಲ. ಆ ವರ್ಷ ಪೂಜೆಗೆ ಬಂದು ಹಿಂದಿನ ಸಾಲಿನಲ್ಲಿ ನಿಂತಿದ್ದ; ಗಾಯನವೃಂದಕ್ಕೆ ಮತ್ತೆ ಬರಲಿಲ್ಲ.

ಆ ರಾತ್ರಿ ನಾವು ಹಾರ್ಮೋನಿಯಂ ಜೊತೆಗೆ ಹಾಡಿದ ಗೀತೆಗಳಲ್ಲಿ 'ಸೈಲೆಂಟ್ ನೈಟ್' ಗೀತೆಯ ಕನ್ನಡ ರೂಪವೂ ಇತ್ತು. ಆ ಗೀತೆ ಹುಟ್ಟಿದ್ದೇ ಗಿಟಾರಿಗಾಗಿ ಎಂಬುದನ್ನು ನಾನು ಓದಿ ತಿಳಿದದ್ದು ಕೆಲವು ವರ್ಷಗಳ ಮೇಲೆ.

ಆ ಚರಿತ್ರೆ ಹೀಗಿದೆ. ಜೋಸೆಫ್ ಮೋರ್ 1792ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ನಗರದಲ್ಲಿ ಜನಿಸಿದ. ತಾಯಿ ಹೆಣಿಗೆಯ ಕೆಲಸದಿಂದ ಹೊಟ್ಟೆ ಹೊರೆಯುತ್ತಿದ್ದ ಬಡವಿ. ತಂದೆ ಸೈನ್ಯವನ್ನು ತೊರೆದು ಓಡಿಹೋದ ಸೈನಿಕ. ತಂದೆತಾಯಿಯರಿಗೆ ವಿವಾಹವಾಗಿರಲಿಲ್ಲವಾದ್ದರಿಂದ ಮೋರ್ ಯಾಜಕನಾಗಲು ಧರ್ಮಸಭೆಯ ವಿಶೇಷ ಅನುಮತಿ ಬೇಕಾಯಿತು. 1815ರಲ್ಲಿ ಗುರುದೀಕ್ಷೆಯಾಯಿತು. ಮರುವರ್ಷ ಮರಿಯಾಫಾರ್ ಎಂಬ ಬೆಟ್ಟದ ಊರಿನಲ್ಲಿ ಸಹಾಯಕ ಗುರುವಾಗಿದ್ದಾಗ ಆತ ಆರು ಚರಣಗಳ ಒಂದು ಕವಿತೆ ಬರೆದ. ನೆಪೋಲಿಯನ್ನನ ಯುದ್ಧಗಳು ಆಗಷ್ಟೇ ಮುಗಿದಿದ್ದವು. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಅದರ ಬೂದಿ ಆಕಾಶದಲ್ಲಿ ಹರಡಿದ್ದರಿಂದ 1816ರಲ್ಲಿ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ಕೆಟ್ಟು ಜನರು ಹಸಿವಿನಿಂದ ಬಳಲಿದರು. ಶಾಂತಿಯನ್ನು ಹಾಡುವ ಆ ಕವಿತೆ ಇಂಥ ವರ್ಷದಲ್ಲಿ ರಚಿತವಾಯಿತು.

1817ರಲ್ಲಿ ಮೋರ್ ಸಾಲ್ಜಾಖ್ ನದಿಯ ದಡದ ಓಬರ್ನ್‌ಡಾರ್ಫ್ ಊರಿಗೆ ಬಂದ. ಉಪ್ಪಿನ ದೋಣಿಗಳನ್ನು ನಡೆಸುವ ಬಡವರ ಊರದು. ಪಕ್ಕದ ಆರ್ನ್ಸ್‌ಡಾರ್ಫಿನ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದ ಫ್ರಾನ್ಜ್ ಕ್ಸಾವರ್ ಗ್ರೂಬರ್ ಅಲ್ಲಿಯ ಸಂತ ನಿಕೋಲಸರ ದೇವಾಲಯದಲ್ಲಿ ಆರ್ಗನ್ ನುಡಿಸುತ್ತಿದ್ದ. ಗ್ರೂಬರನೂ ಬಡವನೇ, ನಾರುಬಟ್ಟೆ ನೇಯುವವರ ಮಗ. ಮಗನೂ ಮಗ್ಗದ ಮುಂದೆ ಕೂರಬೇಕೆಂಬುದು ತಂದೆಯ ಇಚ್ಛೆಯಾಗಿತ್ತು; ಊರಿನ ಉಪಾಧ್ಯಾಯರೊಬ್ಬರು ಹುಡುಗನಿಗೆ ಸಂಗೀತ ಕಲಿಸಿದರು. ನೇಕಾರನ ಮಗನಿಗೆ ಒಬ್ಬರು ಬಾಗಿಲು ತೆರೆದರು. ನೂಲು ತೆಗೆಯುವವರ ಮಗನಿಗೆ ನಾನು ಬಾಗಿಲು ಹಾಕಿದೆ. ಈ ಹೋಲಿಕೆ ನನ್ನನ್ನು ಇಂದಿಗೂ ಕಾಡುತ್ತದೆ.

1818ರ ಡಿಸೆಂಬರ್ 24ರಂದು ಮೋರ್ ತನ್ನ ಕವಿತೆಯನ್ನು ಗ್ರೂಬರನ ಕೈಗಿತ್ತು, ಇಬ್ಬರು ಗಾಯಕರು, ಗಾಯನವೃಂದ ಮತ್ತು ಗಿಟಾರಿಗೆ ಹೊಂದುವ ಒಂದು ರಾಗ ಸಂಯೋಜಿಸಲು ಕೇಳಿದ. ಅಂದೇ ರಾಗ ಸಿದ್ಧವಾಯಿತು. ಮೋರ್ ಗಿಟಾರ್ ನುಡಿಸುತ್ತ ಮೇಲಿನ ಸ್ವರವನ್ನೂ ಗ್ರೂಬರ್ ಕೆಳಗಿನ ಸ್ವರವನ್ನೂ ಹಾಡಿದರು. ಪ್ರತಿ ಚರಣದ ಕೊನೆಯ ಸಾಲನ್ನು ಗಾಯನವೃಂದ ಮರುನುಡಿಯಿತು. ಇಲಿಗಳು ಆರ್ಗನ್ನಿನ ತಿದಿಯನ್ನು ಕಡಿದು ಹಾಕಿದ್ದರಿಂದ ಗತ್ಯಂತರವಿಲ್ಲದೆ ಗಿಟಾರ್ ಹಿಡಿಯಬೇಕಾಯಿತೆಂಬ ಕಥೆಯನ್ನು ನೀವೂ ಪ್ರಸಂಗಗಳಲ್ಲಿ ಕೇಳಿರಬಹುದು. ಗ್ರೂಬರ್ 1854ರ ಡಿಸೆಂಬರ್ 30ರಂದು ತನ್ನ ಕೈಯಾರೆ ಬರೆದಿಟ್ಟ ವಿವರಣೆಯಲ್ಲಿ ಇಲಿಯ ಮಾತೇ ಇಲ್ಲ. ಗಿಟಾರನ್ನು ಗುರುವೇ ಬಯಸಿ ಕೇಳಿದನೆಂಬುದು ಅದರಿಂದ ಸ್ಪಷ್ಟವಾಗುತ್ತದೆ. ಮೋರನ ಕೈಬರಹದ ಪ್ರತಿಯೊಂದು 1995ರಲ್ಲಿ ಬೆಳಕಿಗೆ ಬಂತು. ಅದರಲ್ಲಿಯೂ ಗಿಟಾರಿನ ಸ್ವರಲಿಪಿಯೇ ಇದೆ. ಆತನ ಗಿಟಾರನ್ನು ಹಾಲೈನ್ ಊರಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಣಬಹುದು.

ಮೋರನಿಗೆ ಸುಲಭದ ದಾರಿಯೇನೂ ಇರಲಿಲ್ಲ. ಓಬರ್ನ್‌ಡಾರ್ಫಿನ ವಿಚಾರಣಾ ಗುರು ಆತನ ಮೇಲೆ ಮೇಲಧಿಕಾರಿಗಳಿಗೆ ದೂರು ಬರೆದರು. ಭಕ್ತಿಗೆ ಒಪ್ಪದ ಹಾಡುಗಳನ್ನು ಹಾಡುತ್ತಾನೆಂಬುದು ಆ ದೂರುಗಳಲ್ಲೊಂದು. 1819ರಲ್ಲಿ ಆತ ಆ ಊರನ್ನು ಬಿಟ್ಟ. ಊರಿಂದೂರಿಗೆ ವರ್ಗವಾಗುತ್ತ 1848ರಲ್ಲಿ ವಾಗ್ರೈನ್ ಎಂಬ ಹಳ್ಳಿಯಲ್ಲಿ ಕೈಯಲ್ಲಿ ಕಾಸಿಲ್ಲದೆ ತೀರಿಕೊಂಡ. ಅಷ್ಟರಲ್ಲಿ ಅವನ ಹಾಡು ಅವನನ್ನು ಬಿಟ್ಟು ಮುಂದೆ ಸಾಗಿತ್ತು. ಆರ್ಗನ್ ಕಟ್ಟುವ ಕಾರ್ಲ್ ಮೌರಾಖರ್ ಅದನ್ನು ತನ್ನ ಜಿಲ್ಲರ್ ಕಣಿವೆಗೆ ಒಯ್ದ. ಅಲ್ಲಿಯ ರೈನರ್ ಹಾಗೂ ಸ್ಟ್ರಾಸರ್ ಕುಟುಂಬದ ಗಾಯಕರು ಊರೂರು ಹಾಡಿದರು. 1839ರಲ್ಲಿ ರೈನರ್ ತಂಡ ನ್ಯೂಯಾರ್ಕಿನಲ್ಲಿ ಹಾಡಿತು. 1914ರ ಕ್ರಿಸ್‌ಮಸ್ ರಾತ್ರಿ ಪರಸ್ಪರ ಕಾದಾಡುತ್ತಿದ್ದ ಸೈನಿಕರು ಕಂದಕಗಳಲ್ಲಿ ಹಾಡಿದ ಹಾಡುಗಳಲ್ಲಿ ಇದೂ ಒಂದು.

ಹಾಗಾದರೆ ದೇವಾಲಯದಲ್ಲಿ ಗಿಟಾರ್ ಕುರಿತ ಸಂಕೋಚ ಎಲ್ಲಿಂದ ಬಂತು? ಅದಕ್ಕೂ ಕಾರಣವಿದೆ. 19ನೆಯ ಶತಮಾನದಲ್ಲಿ ಇಟಲಿಯ ದೇವಾಲಯಗಳೊಳಗೆ ನಾಟಕಶಾಲೆಯ ಸಂಗೀತ ನುಗ್ಗಿತ್ತು. ಅದನ್ನು ತಡೆಯಲು ಪೋಪ್ ಹತ್ತನೆಯ ಪಿಯುಸ್ 1903ರ ನವೆಂಬರ್ 22ರಂದು ಆಜ್ಞೆ ಹೊರಡಿಸಿ, ಪಿಯಾನೋ ಮತ್ತು ಗದ್ದಲದ ವಾದ್ಯಗಳನ್ನು ನಿಷೇಧಿಸಿದರು. ಅನಂತರ 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯ ಕುರಿತ ತನ್ನ ಸಂವಿಧಾನದಲ್ಲಿ, ಪೈಪ್ ಆರ್ಗನ್ನಿನ ಗೌರವವನ್ನು ಉಳಿಸಿಕೊಂಡೇ, ಪವಿತ್ರ ಬಳಕೆಗೆ ತಕ್ಕುದಾದ ಇತರ ವಾದ್ಯಗಳನ್ನೂ ಸ್ಥಳೀಯ ಅಧಿಕಾರಿಗಳ ಒಪ್ಪಿಗೆಯಿಂದ ಬಳಸಬಹುದೆಂದಿತು. ಆಯಾ ಜನಾಂಗದ ಸಂಗೀತ ಪರಂಪರೆಗೆ ಮನ್ನಣೆ ನೀಡಬೇಕೆಂದೂ ಹೇಳಿತು. ಮರುವರ್ಷವೇ ಅರ್ಜೆಂಟೀನಾದ ಆರಿಯೆಲ್ ರಾಮಿರೆಸ್ ತಮ್ಮ ನಾಡಿನ ಜನಪದ ತಾಳಗಳಿಗೆ ಬಲಿಪೂಜೆಯ ಗೀತೆಗಳನ್ನು ಹೊಂದಿಸಿದರು. 1967ರಲ್ಲಿ ಪವಿತ್ರ ಸಂಗೀತದ ಕುರಿತ ನಿರ್ದೇಶನ ಹೊರಬಂದಿತು. ಬೆಂಗಳೂರಿನಲ್ಲಿ ಎನ್.ಬಿ.ಸಿ.ಎಲ್.ಸಿ. ಆರಂಭವಾದದ್ದೂ ಅದೇ ವರ್ಷ. ಮಾತೃಭಾಷೆಯ ಪೂಜೆಯೊಂದಿಗೆ ನಮ್ಮ ಭಜನೆ, ತಾಳ, ತಂಬೂರಿಗಳೂ ಬಲಿಪೀಠದ ಬಳಿಗೆ ಬಂದವು.

ಇನ್ನು 'ನಮ್ಮದು', 'ಪರಕೀಯ' ಎಂಬ ವಾದ. ಆ ಹಿರಿಯರು ನಮ್ಮದೆಂದ ಹಾರ್ಮೋನಿಯಂ 19ನೆಯ ಶತಮಾನದಲ್ಲಿ ಯೂರೋಪಿನಿಂದ ಬಂದು, ನೆಲದ ಮೇಲೆ ಕುಳಿತು ನುಡಿಸುವಂತೆ ಕೋಲ್ಕತ್ತಾದಲ್ಲಿ ಮಾರ್ಪಟ್ಟ ವಾದ್ಯ. ಅದು ಭಾರತೀಯವಲ್ಲವೆಂದು 1940ರಲ್ಲಿ ಆಕಾಶವಾಣಿಯೇ ಅದನ್ನು ನಿಷೇಧಿಸಿತ್ತು. ಆ ನಿಷೇಧ 1971ರಲ್ಲಷ್ಟೇ ಸಡಿಲಗೊಂಡಿತು. ಪಿಟೀಲಿನ ಕಥೆಯೂ ಇಂಥದೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಾಶ್ಚಾತ್ಯರಿಂದ ಅದನ್ನು ಕಲಿತರು. ನಮ್ಮ ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಬಿಗಿದು ನಾದ ಹೆಚ್ಚಿಸಿದರು. ಇಂದು ಪಿಟೀಲಿಲ್ಲದ ಕಚೇರಿಯುಂಟೇ? ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಗುರುಪೂರ್ಣಿಮೆಯ ಸಂಗೀತೋತ್ಸವಕ್ಕೆ ಹೋದವರು ತಾತಯ್ಯನವರ ತತ್ವಪದಗಳಿಗೂ ಪಿಟೀಲು ಜೊತೆಗೂಡುವುದನ್ನು ಕೇಳಬಹುದು. ಈ ನೆಲವು ಬಂದವರನ್ನು ತನ್ನವರನ್ನಾಗಿಸಿಕೊಳ್ಳುವ ನೆಲ. 18ನೆಯ ಶತಮಾನದ ಮೊದಲ ದಶಕಗಳಲ್ಲಿ ಫ್ರಾನ್ಸಿನ ಯೇಸುಸಭೆಯ ಗುರುಗಳು ಇದೇ ಚಿಕ್ಕಬಳ್ಳಾಪುರಕ್ಕೆ ಬಂದಾಗ ಕಾವಿ ತೊಟ್ಟು, ಮಾಂಸ ತೊರೆದು ಬದುಕಿದರು. ಅವರ ಪತ್ರಗಳಲ್ಲಿ ಈ ಊರು 'ಚಿನ್ನಬಳ್ಳಾಪುರಂ' ಎಂದಿದೆ.

ಇನ್ನೊಂದು ಸಂಗತಿ ಶಿಡ್ಲಘಟ್ಟದವರಿಗೆ ಇಷ್ಟವಾದೀತು. ಇಂದಿನ ಗಿಟಾರಿನ ಆಕಾರ ಬಹುಮಟ್ಟಿಗೆ ಸ್ಪೇನಿನ ಆಂಟೋನಿಯೋ ದೆ ಟೋರೆಸ್ (1817-1892) ಎಂಬ ಕುಶಲಿಯ ಕೊಡುಗೆ. 1940ರ ದಶಕದಲ್ಲಿ ನೈಲಾನ್ ಬರುವವರೆಗೆ ಗಿಟಾರಿನ ಮೇಲಿನ ಸ್ಥಾಯಿಯ ಮೂರು ತಂತಿಗಳು ಪ್ರಾಣಿಗಳ ಕರುಳಿನವು. ಕೆಳಸ್ಥಾಯಿಯ ಮೂರು ತಂತಿಗಳೋ ರೇಷ್ಮೆಯ ಎಳೆಗಳಿಗೆ ಲೋಹದ ಸಣ್ಣ ತಂತಿ ಸುತ್ತಿ ಮಾಡಿದವು. ಗೂಡಿನಿಂದ ಎಳೆ ತೆಗೆಯುವ ಕೈಗಳಿಗೂ ಆ ವಾದ್ಯಕ್ಕೂ ಹೀಗೆ ಹಳೆಯ ನಂಟು. ಸಿನಿಮಾದವರದ್ದೆಂದು ನಾನು ಹೊರಗಿಟ್ಟ ವಾದ್ಯದ ಎದೆಯಲ್ಲಿ ಒಂದು ಕಾಲಕ್ಕೆ ರೇಷ್ಮೆಯೇ ಇತ್ತು.

ಕಲಿಯಬಯಸುವವರಿಗೆ ಒಂದೆರಡು ಮಾತು. ಕಳೆದ ಕೆಲವು ವರ್ಷಗಳಿಂದ ನಾನೂ ಈ ವಯಸ್ಸಿನಲ್ಲಿ ಬೆರಳು ನೋಯಿಸಿಕೊಳ್ಳುತ್ತಿದ್ದೇನೆ. ದಪ್ಪ ತಂತಿಯಿಂದ ಸಣ್ಣದಕ್ಕೆ ಇ, ಎ, ಡಿ, ಜಿ, ಬಿ, ಇ ಎಂದು ಶ್ರುತಿ ಮಾಡಿಕೊಳ್ಳಬೇಕು. ಗ್ರೂಬರನ ರಾಗಕ್ಕೆ ಮೂರೇ ಸ್ವರಮೇಳಗಳು ಸಾಕು: ಜಿ, ಸಿ ಮತ್ತು ಡಿ. ಅದರ ನಡೆ ಆರು ಎಣಿಕೆಯದು, ನಮ್ಮ ತಾಯಂದಿರ ಜೋಗುಳದ ತೂಗಿನಂತೆ. ಹೆಬ್ಬೆರಳು ದಪ್ಪ ತಂತಿಯನ್ನು ಮೀಟಿದ ಮೇಲೆ ತೋರುಬೆರಳು, ನಡುಬೆರಳು, ಉಂಗುರಬೆರಳು. ಮತ್ತೆ ನಡುಬೆರಳು, ತೋರುಬೆರಳು. ಅಲ್ಲಿಗೆ ಆರು. ಮೊದಲು ಹಾಡದೆ ನುಡಿಸಿ, ಕೈ ಸಲೀಸಾದ ಮೇಲೆ ದನಿಗೂಡಿಸಿ. ಮೊದಲ ವಾರಗಳಲ್ಲಿ ಬೆರಳತುದಿ ಉರಿಯುತ್ತದೆ. ದಿನಕ್ಕೆ ಹದಿನೈದು ನಿಮಿಷ ತಪ್ಪದೆ ಕುಳಿತರೆ ಚರ್ಮ ಗಟ್ಟಿಯಾಗುತ್ತದೆ. ಆಗಮನ ಕಾಲದಲ್ಲಿ ವಾದ್ಯಗಳನ್ನು ಮಿತವಾಗಿ ಬಳಸಬೇಕು, ಜಯಂತಿಯ ಪೂರ್ಣ ಸಂತೋಷವನ್ನು ಮುಂಚಿತವಾಗಿ ಸೂರೆಮಾಡಬಾರದೆಂದು ಪೂಜಾವಿಧಿಯ ನಿಯಮವಿದೆ. ಆದ್ದರಿಂದ ಆ ನಾಲ್ಕು ವಾರ ಮನೆಯಲ್ಲಿ ಅಭ್ಯಾಸಕ್ಕೆ ಪ್ರಶಸ್ತ ಕಾಲ. ಎಲ್ಲ ವಾದ್ಯವೂ ಎಲ್ಲ ವೇಳೆಗೂ ಸಲ್ಲುತ್ತದೆಂದು ನಾನು ಹೇಳುವುದಿಲ್ಲ. ಜನರ ದನಿಯನ್ನು ಮುಳುಗಿಸುವ ವಾದ್ಯ ಯಾವುದಾದರೂ ಅದು ಪೂಜೆಗೆ ಹೊರೆ. ಜನರ ದನಿಯನ್ನು ಎತ್ತಿಹಿಡಿಯುವ ವಾದ್ಯ ಸಹಾಯಕ.

ಆ ಹುಡುಗನನ್ನು ಕಳೆದ ವರ್ಷ ಒಂದು ಮದುವೆಯಲ್ಲಿ ಕಂಡೆ. ಈಗ ಅವನಿಗೆ ನಲವತ್ತು ದಾಟಿದೆ. ನಾನು ಹಳೆಯ ಮಾತನ್ನೆತ್ತಿ ಕ್ಷಮೆ ಕೇಳಿದೆ. ಅವನು, "ಬಿಡಿ ಫಾದರ್, ಆ ಗಿಟಾರನ್ನ ಅವತ್ತೇ ಮಾರಿಬಿಟ್ಟೆ" ಎಂದು ನಕ್ಕ. ಆ ನಗುವಿಗೆ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನೇ, "ನನ್ನ ಮಗಳು ಕೇಳ್ತಿದಾಳೆ, ನೀವು ಹೇಳ್ಕೊಡ್ತೀರಾ?" ಎಂದ.

ಈಗ ಪ್ರತಿ ಶನಿವಾರ ಸಂಜೆ ಆಕೆ ಬರುತ್ತಾಳೆ. ಜಿ ಮತ್ತು ಸಿ ಬಂದಿವೆ. ಡಿ ಹಿಡಿಯುವಾಗ ಇಬ್ಬರಿಗೂ ಬೆರಳು ಜಾರುತ್ತದೆ. ಓದುಗರೇ, ನಿಮ್ಮ ಊರಿನ ದೇವಾಲಯದ ಬಾಗಿಲಲ್ಲಿ ಇಂಥದೊಂದು ಮಗು ವಾದ್ಯ ಹಿಡಿದು ನಿಂತಿದ್ದರೆ, ದಯಮಾಡಿ ಒಳಗೆ ಕರೆದು ಮೊದಲು ಅದು ನುಡಿಸುವುದನ್ನು ಕೇಳಿರಿ.