ಬಸುರಿನಂಜು

ಬೆಳಗಾವಿ ಕಡೆ ‘ಗಾಯ ನಂಜಾತು’ ಅಂದರೆ ಕೀವು ತುಂಬಿ ಬಾತುಕೊಂಡಿತು ಎಂದು. ನಂಜು ದ್ರಾವಿಡ ಪದ, ತಮಿಳಿನಲ್ಲೂ ಇದೆ. ಮೂಲಾರ್ಥ ವಿಷ. ಅದನ್ನು ಉಂಡವನು ನಂಜುಂಡ, ಅವನ ಊರು ನಂಜನಗೂಡು. ಬಾಣಂತಿಗೆ ಬದನೆಕಾಯಿಯೂ ನಂಜಂತೆ, ಪಾಪ!

ಬಸುರಿಗೆ ರಕ್ತದೊತ್ತಡ ಏರಿ, ಕೈಕಾಲು ಬಾತು, ಕೆಲವೊಮ್ಮೆ ಫಿಟ್ಸ್‌ವರೆಗೂ ಹೋಗುವ ಕಾಯಿಲೆಗೆ ಹಿಂದಿನ ವೈದ್ಯರು ಟಾಕ್ಸೀಮಿಯಾ, ಅಂದರೆ ರಕ್ತದಲ್ಲಿ ವಿಷ, ಎಂದರು. ಕನ್ನಡದಲ್ಲಿ ಅದು ಬಸುರಿನಂಜು. ವಿಷ ಸಿಗದೆ ಇಂಗ್ಲಿಷು ಹೆಸರು ಬದಲಿಸಿ ಪ್ರಿ-ಎಕ್ಲಾಂಪ್ಸಿಯಾ ಎಂದಿತು. ನಮ್ಮ ಪದ ಕದಲಲಿಲ್ಲ. ಒಳ್ಳೆಯದೇ ಆಯಿತು. ಮಾಸಿನಲ್ಲಿ ಅರ್ಧ ಅಪ್ಪನ ಅಂಶ; ತಾಯಿಯ ರೋಗನಿರೋಧಕ ಕಣಗಳು ಅದರೊಡನೆ ಹೊಂದಿಕೊಳ್ಳದಿದ್ದರೆ ಗರ್ಭಕೋಶದ ರಕ್ತನಾಳ ಅಗಲವಾಗದು ಎಂಬುದು ಈಗಿನ ಒಂದು ವಿವರಣೆ. ರಕ್ತ ಸಾಲದ ಮಾಸು ತಾಯಿಯ ರಕ್ತಕ್ಕೆ ಅತಿಯಾಗಿ ಬಿಡುವ ಪ್ರೋಟೀನೊಂದನ್ನು 2003ರಲ್ಲಿ ವಿಜ್ಞಾನಿಗಳು ಗುರುತಿಸಿದರು. ನಂಜಲ್ಲದೆ ಮತ್ತೇನು?

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಆರು ದೇಶಗಳ 11,976 ಚೊಚ್ಚಲ ಬಸುರಿಯರಿಗೆ, ಈ ನಂಜು ತಡೆಯಲೂ ಕೊಡುವ ಆಸ್ಪಿರಿನ್‌ನ ಪ್ರಯೋಗದಲ್ಲಿ ಪಾಲುದಾರವಾಗಿತ್ತು. 2020ರಲ್ಲಿ ಫಲಿತಾಂಶ ಬಂತು: ನಿತ್ಯ 81 ಮಿಲಿಗ್ರಾಂ ಪಡೆದವರಲ್ಲಿ ಅವಧಿಗೆ ಮುಂಚಿನ ಹೆರಿಗೆ ಶೇ 13.1ರ ಬದಲು 11.6.

ಅಲ್ಲೇ ಪಕ್ಕದ ಖಾನಾಪುರದ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಗೆ ಇಷ್ಟೆಲ್ಲ ಹೆಸರು ಬೇಕಿಲ್ಲ. ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ, ಕುಳಿ ಹಾಗೇ ಉಳಿದರೆ, “ಬಾವು ಬಂದೈತಿ ನೋಡವಾ, ದವಾಖಾನಿಗೆ ನಡಿ” ಅಂತಾಳೆ. ಮರಾಠಿ ಮನೆಯಾದರೆ ಬಾವಿನ ಜಾಗಕ್ಕೆ ಸೂಜ್.