ನೋಜಿಕನ ಸ್ವತ್ವಸಿದ್ಧಾಂತ ಮತ್ತು ಹಂಚಿಕೆಯ ನ್ಯಾಯ

ಸಮಾಜದಲ್ಲಿ ಸಂಪತ್ತು ನ್ಯಾಯವಾಗಿ ಹಂಚಿಹೋಗಿದೆಯೇ ಎಂಬ ಪ್ರಶ್ನೆಗೆ, ಯಾರ ಬಳಿ ಎಷ್ಟಿದೆಯೆಂಬುದನ್ನು ಗಣಿಸದೆ, ಅದು ಅವರ ಕೈಸೇರಿದ ಬಗೆಯೊಂದನ್ನೇ ಪರೀಕ್ಷಿಸಿ ಉತ್ತರಿಸತಕ್ಕದ್ದೆಂದು ಸಾರುವ ರಾಜನೀತಿ ಸಿದ್ಧಾಂತ. ಲಿಬರ್ಟೇರಿಯನ್ ವಾದವೆಂದು ಪ್ರಸಿದ್ಧವಾದ ಚಿಂತನೆಗೆ ಸೇರಿದ ಇದನ್ನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಾಬರ್ಟ್ ನೋಜಿಕ್ (1938-2002) 'ಅನಾರ್ಕಿ, ಸ್ಟೇಟ್ ಅಂಡ್ ಯುಟೋಪಿಯ' (1974) ಎಂಬ ಗ್ರಂಥದಲ್ಲಿ ಪ್ರತಿಪಾದಿಸಿದನು. ಅದೇ ವಿಶ್ವವಿದ್ಯಾಲಯದ ಜಾನ್ ರಾಲ್ಸ್ 1971ರಲ್ಲಿ ಪ್ರಕಟಿಸಿದ 'ಎ ಥಿಯರಿ ಆಫ್ ಜಸ್ಟಿಸ್' ಎಂಬ ಗ್ರಂಥದಲ್ಲಿ, ಆರ್ಥಿಕ ಅಸಮಾನತೆಯು ಎಲ್ಲರಿಗಿಂತ ಕೆಳಗಿರುವವರಿಗೆ ಅತ್ಯಧಿಕ ಹಿತವನ್ನು ತರಬೇಕು, ಇಲ್ಲವಾದರೆ ಅದು ಸಮರ್ಥನೀಯವಲ್ಲವೆಂದು ವಾದಿಸಿದ್ದನು. ನೋಜಿಕನ ಕೃತಿ ಬಹುಮಟ್ಟಿಗೆ ಅದಕ್ಕೆ ಪ್ರತ್ಯುತ್ತರ.

ತತ್ತ್ವಗಳು: ಪ್ರತಿಯೊಬ್ಬನೂ ತನ್ನ ದೇಹಕ್ಕೂ ದುಡಿಮೆಗೂ ತಾನೇ ಒಡೆಯನೆಂಬುದು ಈ ಸಿದ್ಧಾಂತದ ತಳಹದಿ. ಅದರ ಮೇಲೆ ನಿಂತ ತತ್ತ್ವಗಳು ಮೂರು. ಯಾರಿಗೂ ಸೇರದ ವಸ್ತುವನ್ನು ಮೊದಲಿಗೆ ತನ್ನದಾಗಿಸಿಕೊಳ್ಳುವುದು ಆರ್ಜನ. ಮಾರಾಟ, ದಾನ, ಉಯಿಲು ಮುಂತಾದ ಇಚ್ಛಾಪೂರ್ವಕ ವ್ಯವಹಾರದಿಂದ ಸ್ವತ್ತು ಕೈಬದಲಾಗುವುದು ಹಸ್ತಾಂತರ. ಇವೆರಡರ ನಿಯಮವನ್ನು ಮೀರಿ ಬಲಾತ್ಕಾರದಿಂದಲೋ ವಂಚನೆಯಿಂದಲೋ ನಡೆದ ಅನ್ಯಾಯವನ್ನು ಸರಿಪಡಿಸುವುದು ಪರಿಮಾರ್ಜನ. ಈ ಕ್ರಮದಲ್ಲಿ ನಡೆದುಬಂದ ಹಂಚಿಕೆ ಎಷ್ಟೇ ಅಸಮಾನವಾಗಿದ್ದರೂ ನ್ಯಾಯವೇ ಸರಿ. ಆದಕಾರಣ ರಾಜ್ಯವು ಹಿಂಸೆ, ಕಳವು, ಮೋಸಗಳನ್ನು ತಡೆದು ಕರಾರುಗಳನ್ನು ನಡೆಸಿಕೊಡುವಷ್ಟಕ್ಕೇ ನಿಲ್ಲತಕ್ಕದ್ದು. ಅದಕ್ಕೂ ಮಿಗಿಲಾಗಿ ದುಡಿಮೆಯ ಗಳಿಕೆಯ ಮೇಲೆ ಹಾಕುವ ತೆರಿಗೆ ಬಿಟ್ಟಿ ಚಾಕರಿಗೆ ಸಮಾನವೆಂದು ನೋಜಿಕ್ ಹೇಳುತ್ತಾನೆ.

ದೃಷ್ಟಾಂತ: ಸಂಪತ್ತು ನಮಗೆ ಒಪ್ಪಿಗೆಯಾಗುವ ರೀತಿಯಲ್ಲೇ ಹಂಚಿಕೆಯಾಗಿದೆಯೆಂದು ಭಾವಿಸೋಣ. ಬ್ಯಾಸ್ಕೆಟ್‌ಬಾಲ್ ಆಟಗಾರ ವಿಲ್ಟ್ ಚೇಂಬರ್ಲೇನನನ್ನು ನೋಡಲು ಬರುವ ಪ್ರತಿಯೊಬ್ಬ ಪ್ರೇಕ್ಷಕನೂ ಟಿಕೆಟ್ಟಿನ ಹಣದಲ್ಲಿ 25 ಸೆಂಟುಗಳನ್ನು ಅವನ ಹೆಸರಿನ ಪ್ರತ್ಯೇಕ ಪೆಟ್ಟಿಗೆಗೆ ಹಾಕುತ್ತಾನೆ. ಹೀಗೆ 10 ಲಕ್ಷ ಜನರು ಬಂದಾಗ ಅವನಿಗೆ 2,50,000 ಡಾಲರುಗಳು ಸೇರುತ್ತವೆ. ಸಂತೋಷದಿಂದ ಕೊಟ್ಟ ಹಣದಿಂದ ಹುಟ್ಟಿದ ಈ ಹೊಸ ಹಂಚಿಕೆಯನ್ನು ಅನ್ಯಾಯವೆನ್ನುವುದೆಂತು? ಯಾವುದೇ ಮಾದರಿಯ ಹಂಚಿಕೆಯನ್ನು ಉಳಿಸಿಕೊಳ್ಳಬೇಕಾದರೆ ಜನರ ಸ್ವಾತಂತ್ರ್ಯದಲ್ಲಿ ಎಡೆಬಿಡದೆ ಕೈಹಾಕಬೇಕಾಗುವುದೆಂಬುದು ಇದರ ತಾತ್ಪರ್ಯ.

ವಿಮರ್ಶೆ: ಈ ವಾದಕ್ಕೆ ಸುದೀರ್ಘ ಉತ್ತರ ಕೊಟ್ಟವನು ದಾರ್ಶನಿಕ ಜಿ. ಎ. ಕೋಹೆನ್. ಸಂಪತ್ತು ಬರಿಯ ಭೋಗಸಾಧನವಲ್ಲ, ಇತರರ ಮೇಲಿನ ಅಧಿಕಾರವೂ ಹೌದು. 25 ಸೆಂಟು ಕೊಡುವಾತ ಆಟದ ಆನಂದಕ್ಕೆ ಒಪ್ಪಿದ್ದಾನೆಯೇ ಹೊರತು, ತನ್ನ ಮಕ್ಕಳು ಮುಂದೆ ಅಂಥ ಅಧಿಕಾರದ ಕೆಳಗೆ ಬಾಳಲೆಂದು ಒಪ್ಪಿದವನಲ್ಲ. ಬೇಲಿಯೊಳಗಿನ ನೆಲದ ಒಡೆಯನಿಗೆ ಆ ಒಡೆತನ ಸ್ವಾತಂತ್ರ್ಯವಾದರೆ, ಹೊರಗೆ ನಿಂತವನಿಗೆ ರಾಜ್ಯದ ಬಲದಿಂದ ವಿಧಿಸಿದ ನಿರ್ಬಂಧ. ಇನ್ನು ಮೊದಲ ಆರ್ಜನದ ವಿಷಯದಲ್ಲಿ, ಇತರರಿಗೂ ಸಾಕಷ್ಟು ಉಳಿದಿರಬೇಕೆಂಬ ಇಂಗ್ಲಿಷ್ ದಾರ್ಶನಿಕ ಜಾನ್ ಲಾಕನ ಷರತ್ತನ್ನು ನೋಜಿಕ್ ಸಡಿಲಿಸಿ, ಇತರರ ಸ್ಥಿತಿ ಮೊದಲಿಗಿಂತ ಕೆಡದಿದ್ದರೆ ಸಾಕೆನ್ನುತ್ತಾನೆ. ಮರುಭೂಮಿಯಲ್ಲಿರುವ ಒಂದೇ ನೀರಿನ ಸೆಲೆಯನ್ನು ಹಿಡಿದು ಮನಬಂದ ಬೆಲೆ ಕೇಳಲಾಗದೆಂಬುದನ್ನು ಆತನೂ ಒಪ್ಪುತ್ತಾನೆ. ಆದರೆ ನೆಲವು ಮೊದಲಿಗೆ ಯಾರದೂ ಅಲ್ಲವೆಂದೇಕೆ ಎಣಿಸಬೇಕು, ಎಲ್ಲರದೂ ಏಕಾಗಬಾರದೆಂಬ ಕೋಹೆನನ ಪ್ರಶ್ನೆಗೆ ಸಮಾಧಾನವಿಲ್ಲ.

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಎತ್ತಿದ ಆಕ್ಷೇಪ ಇನ್ನೂ ಗಂಭೀರವಾದುದು. ಧಾನ್ಯದ ತೀವ್ರ ಅಭಾವವಿಲ್ಲದೆಯೂ ಅದನ್ನು ಕೊಳ್ಳುವ ಶಕ್ತಿ ಕೂಲಿಕಾರರ ಕೈತಪ್ಪಿದುದರಿಂದ 1943ರ ಬಂಗಾಳದ ಕ್ಷಾಮ ಲಕ್ಷಾಂತರ ಜನರನ್ನು ಬಲಿತೆಗೆದುಕೊಂಡಿತೆಂದು ಆತ 1981ರ ತನ್ನ ಗ್ರಂಥದಲ್ಲಿ ವಾದಿಸಿದನು. ಯಾರೊಬ್ಬರ ಸ್ವತ್ತಿನ ಹಕ್ಕಿಗೂ ಚ್ಯುತಿ ಬಾರದೆ ಜನಸಮೂಹ ಹಸಿವಿನಿಂದ ಸಾಯಬಹುದಾದರೆ, ಆ ಹಕ್ಕುಗಳಷ್ಟೇ ನ್ಯಾಯವಾಗಲಾರವು.

ಮೌಲ್ಯನಿರ್ಣಯ: ಹಂಚಬೇಕಾದ ವಸ್ತುಗಳು ಆಕಾಶದಿಂದ ಉದುರಿದುವಲ್ಲ, ಮನುಷ್ಯರ ದುಡಿಮೆಯ ಗುರುತು ಅವುಗಳ ಮೇಲಿದೆಯೆಂಬುದನ್ನು ಸಮಾನತಾವಾದಿಗಳಿಗೆ ನೆನಪಿಸಿದ್ದು ನೋಜಿಕನ ನಿಜವಾದ ಕೊಡುಗೆ. ಆದರೆ ನ್ಯಾಯವನ್ನು ಇತಿಹಾಸದಲ್ಲಿ ಹುಡುಕುವ ಸಿದ್ಧಾಂತ ಇತಿಹಾಸದ ಸಾಕ್ಷ್ಯವನ್ನು ಅಲ್ಲಗಳೆಯಲಾರದು. ಆಕ್ರಮಣ, ಗುಲಾಮಗಿರಿ, ವಸಾಹತುಶಾಹಿಗಳ ಕೈಗಳನ್ನು ದಾಟಿಬಂದ ಇಂದಿನ ಒಡೆತನಗಳಲ್ಲಿ ಬಹುಪಾಲು ಮೊದಲೆರಡು ತತ್ತ್ವಗಳ ಪರೀಕ್ಷೆಯಲ್ಲಿ ಗೆಲ್ಲಲಾರವು. ಹಿಂದಿನ ಅನ್ಯಾಯಗಳು ಘೋರವಾಗಿದ್ದಲ್ಲಿ ಅವುಗಳ ಪರಿಮಾರ್ಜನಕ್ಕಾಗಿ ಕೆಲಕಾಲ ವಿಸ್ತೃತ ರಾಜ್ಯವೇ ಬೇಕಾದೀತೆಂದು ನೋಜಿಕನೇ ಒಪ್ಪಿರುವನಾದರೂ, ಆ ತತ್ತ್ವದ ವಿವರವನ್ನು ಬೆಳೆಸಲಿಲ್ಲ. ಪರಿಮಾರ್ಜನವನ್ನು ಬದಿಗಿರಿಸಿ ಇಂದಿನ ಆಸ್ತಿಯ ರಕ್ಷಣೆಗೆ ಈ ಸಿದ್ಧಾಂತವನ್ನು ಬಳಸುವವರು ಅದರ ಮೂರರಲ್ಲೊಂದು ಕಂಬವನ್ನು ಕಿತ್ತು ಕಟ್ಟಡ ನಿಂತಿದೆಯೆಂದು ಹೇಳುವವರು. ಸಿದ್ಧಾಂತವನ್ನು ಪೂರ್ಣವಾಗಿ ಒಪ್ಪುವವರಾದರೋ ತೆರಿಗೆ, ಭೂಸುಧಾರಣೆ, ಪುನರ್ವಿತರಣೆಗಳ ಪ್ರಶ್ನೆಯನ್ನು ಮೊದಲಿನಿಂದ ವಿಚಾರಿಸಲೇಬೇಕಾಗುತ್ತದೆ.